ಕಾರ್ನಿಯಾ ಕೆತ್ತಿಸಬೇಕಾ, ಕಣ್ಣೊಳಗೆ ಲೆನ್ಸ್ ಇಡಿಸಬೇಕಾ?

ಮೈನಸ್ 8 ಪವರ್ ಇರುವವರು ಕನ್ನಡಕ ತೆಗೆದರೆ ಅವರಿಗೆ ಸ್ಪಷ್ಟವಾಗಿ ಕಾಣುವುದು ಹನ್ನೆರಡೂವರೆ ಸೆಂಟಿಮೀಟರ್ ದೂರದವರೆಗೆ ಮಾತ್ರ. ಅರ್ಧ ಗೇಣಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ನೂರನ್ನು ನಿಮ್ಮ ಪವರ್‌ನಿಂದ ಭಾಗಿಸಿ, ಬಂದದ್ದು ಸೆಂಟಿಮೀಟರ್. ಮೈನಸ್ 2 ಇದ್ದವರಿಗೆ 50, ಮೈನಸ್ 4 ಇದ್ದವರಿಗೆ 25, ಮೈನಸ್ 10 ಇದ್ದವರಿಗೆ ಹತ್ತೇ ಹತ್ತು. ಅದರಾಚೆಗೆ ಎಲ್ಲವೂ ಮಂಜು ಮಂಜು. ದಿಂಬಿನ ಪಕ್ಕ ಇಟ್ಟ ಕನ್ನಡಕವನ್ನು ಹುಡುಕುವುದಕ್ಕೂ ಕೈಯಲ್ಲಿ ತಡಕಬೇಕು.

ಕನ್ನಡಕ ಬಿಡಬೇಕು ಅಂತ ಹೊರಟವರ ಮುಂದೆ ಮೊದಲೆಲ್ಲ ಇದ್ದ ಪ್ರಶ್ನೆ ಒಂದೇ: ಲೇಸರ್ ಮಾಡಿಸಬೇಕಾ, ಬೇಡವಾ? ಈಗ ಅದರ ಪಕ್ಕದಲ್ಲೇ ಇನ್ನೊಂದು ದಾರಿ ಇದೆ. ಕಣ್ಣಿನ ಒಳಗೆ, ನಮ್ಮ ಸ್ವಂತ ಲೆನ್ಸ್ ಹಾಗೇ ಇರುವಾಗಲೇ, ಅದರ ಮುಂದೆ ಇನ್ನೊಂದು ತೆಳುವಾದ ಲೆನ್ಸ್ ಇಡುವುದು. ಇದನ್ನು ಐಸಿಎಲ್ ಅನ್ನುತ್ತಾರೆ. ಮೊದಲು ಇದು ಲೇಸರ್ ಆಗದವರಿಗೆ ಉಳಿದ ಕೊನೆಯ ದಾರಿ ಆಗಿತ್ತು. ಈಗ ಲೇಸರ್ ಮಾಡಿಸಬಹುದಾದವರೂ "ಐಸಿಎಲ್ ಹಾಕಿಸಿಕೊಳ್ಳಲಾ?" ಅಂತ ಕೇಳುತ್ತಿದ್ದಾರೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಯಾಕೆಂದರೆ ಅರ್ಧ ತೀರ್ಮಾನವನ್ನು ನಮ್ಮ ಕಣ್ಣಿನ ಅಳತೆಗಳೇ ಮಾಡಿಬಿಟ್ಟಿರುತ್ತವೆ. ಉಳಿದರ್ಧ ನಮ್ಮ ಕೈಯಲ್ಲಿದೆ. ಅದಕ್ಕೆ ಒಂದು ವಿಷಯ ಸರಿಯಾಗಿ ಅರ್ಥವಾಗಬೇಕು. ಲೇಸರ್ ಕಣ್ಣಿನ ಗಂಟಿನಿಂದ ಒಂದಷ್ಟನ್ನು ಖರ್ಚು ಮಾಡುತ್ತದೆ, ಆ ಖರ್ಚು ವಾಪಸ್ ಬರುವುದಿಲ್ಲ. ಲೆನ್ಸ್ ಆ ಗಂಟನ್ನು ಮುಟ್ಟುವುದಿಲ್ಲ, ಆದರೆ ಒಳಗೆ ಇಟ್ಟದ್ದನ್ನು ವರ್ಷವರ್ಷವೂ ನೋಡಿಕೊಳ್ಳಬೇಕು.

ದೂರದ್ದು ಯಾಕೆ ಮಂಜಾಗುತ್ತದೆ

ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ ಇರುತ್ತದೆ. ಕೆಲವರಲ್ಲಿ ಬೆಳೆಯುವ ವಯಸ್ಸಿನಲ್ಲಿ ಇದು ಬೇಕಾದದ್ದಕ್ಕಿಂತ ಜಾಸ್ತಿ ಉದ್ದವಾಗುತ್ತದೆ. ಆಗ ದೂರದಿಂದ ಬಂದ ಬೆಳಕು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಮುಟ್ಟುವ ಮೊದಲೇ ಒಂದು ಕಡೆ ಸೇರಿಬಿಡುತ್ತದೆ. ಒಂದು ಮಿಲಿಮೀಟರ್ ಉದ್ದ ಹೆಚ್ಚಾದರೆ ಪವರ್ ಸುಮಾರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಮೈನಸ್ 8 ಅಂದರೆ ಕಣ್ಣು ಹೆಚ್ಚುಕಡಿಮೆ ಮೂರು ಮಿಲಿಮೀಟರ್ ಉದ್ದ ಬೆಳೆದಿದೆ ಅಂತ ಅಂದಾಜು ಮಾಡಬಹುದು.

ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದು. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ ಅದು. ಉಳಿದ ಒಂದು ಪಾಲು ಒಳಗಿನ ಲೆನ್ಸ್‌ನದು. ಹಾಗಾಗಿ ಬೆಳಕನ್ನು ಸರಿಯಾದ ಜಾಗಕ್ಕೆ ತಲುಪಿಸಲು ಎರಡು ಉಪಾಯ ಇವೆ. ಒಂದೋ ಕಾರ್ನಿಯಾದ ಉಬ್ಬನ್ನು ಸ್ವಲ್ಪ ಚಪ್ಪಟೆ ಮಾಡಬೇಕು, ಇಲ್ಲ ಒಳಗೆ ಒಂದು ಮೈನಸ್ ಲೆನ್ಸ್ ಇಡಬೇಕು. ಕಣ್ಣುಗುಡ್ಡೆಯ ಉದ್ದವನ್ನು ಎರಡೂ ಮುಟ್ಟುವುದಿಲ್ಲ. ಉದ್ದ ಬೆಳೆದ ಕಣ್ಣು ಉದ್ದವೇ ಉಳಿಯುತ್ತದೆ. ಈ ಮಾತು ಮತ್ತೆ ಬರುತ್ತದೆ.

ಲೇಸರ್: ಮೈಕ್ರಾನ್‌ಗಳ ಲೆಕ್ಕ

ಈ ಲೇಸರ್‌ನ ಕಥೆ ಶುರುವಾದದ್ದು ಕಣ್ಣಾಸ್ಪತ್ರೆಯಲ್ಲಲ್ಲ. 1981ರ ನವೆಂಬರ್ 27ರಂದು ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ, ಹಿಂದಿನ ದಿನದ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸದ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿ ನೋಡಿದರು. 193 ನ್ಯಾನೋಮೀಟರ್ ತರಂಗದ ಆ ಬೆಳಕು ಅಂಚು ಸುಡದಂತೆ, ಅಕ್ಕಪಕ್ಕ ಕರಕಲಾಗದಂತೆ, ಅಚ್ಚುಕಟ್ಟಾಗಿ ಕೆತ್ತಿತ್ತು. ಜೊತೆಗಿದ್ದವರು ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್. ಕಣ್ಣಿನ ಡಾಕ್ಟರ್ ಸ್ಟೀಫನ್ ಟ್ರೋಕೆಲ್ ಇದನ್ನು ಕಾರ್ನಿಯಾಗೆ ಬಳಸಬಹುದು ಅಂತ ಗುರುತಿಸಿದರು. 1983ರಲ್ಲಿ ಅವರು ಶ್ರೀನಿವಾಸನ್ ಜೊತೆ ಸೇರಿ ಆ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ಮೊದಲ ಬಾರಿಗೆ ನೋಟ ಇರುವ ಕಣ್ಣಿಗೆ ಈ ಚಿಕಿತ್ಸೆ ಮಾಡಿದರು.

ಅದು ಪಿಆರ್‌ಕೆ. ಕಾರ್ನಿಯಾದ ಮೇಲಿನ ಸುಮಾರು 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪದ ಚರ್ಮದಂಥ ಪದರ ತೆಗೆದು, ಅದರ ಕೆಳಗೆ ಲೇಸರ್‌ನಿಂದ ಕೆತ್ತುತ್ತಾರೆ. ಪದರ ಮತ್ತೆ ಬೆಳೆಯುವವರೆಗೆ ಮೂರ್ನಾಲ್ಕು ದಿನ ಕಣ್ಣು ಚೆನ್ನಾಗಿಯೇ ಉರಿಯುತ್ತದೆ. ಆಮೇಲೆ ಬಂದದ್ದು ಲಾಸಿಕ್. ಇದರಲ್ಲಿ ಕಾರ್ನಿಯಾದ ಮೇಲ್ಭಾಗವನ್ನು ಪುಸ್ತಕದ ಹಾಳೆಯಂತೆ ಒಂದು ಕಡೆ ಅಂಟಿರುವ ಹಾಗೆ ಬಿಡಿಸಿ, ಮಡಿಚಿ, ಒಳಗೆ ಕೆತ್ತಿ, ಮತ್ತೆ ಮುಚ್ಚುತ್ತಾರೆ. ಈ ಹಾಳೆಗೆ ಫ್ಲಾಪ್ ಅನ್ನುತ್ತಾರೆ. ನೋವು ಕಡಿಮೆ. ಹೆಚ್ಚಿನವರಿಗೆ ಮರುದಿನವೇ ದೂರದ್ದು ಕಾಣುತ್ತದೆ. ಸ್ಮೈಲ್ ಇನ್ನೂ ಹೊಸದು, ಔಷಧ, ವೈದ್ಯಕೀಯ ಸಲಕರಣೆಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಅದರಲ್ಲಿ ಫ್ಲಾಪ್ ಇರುವುದಿಲ್ಲ. ಕಾರ್ನಿಯಾದ ಒಳಗೇ ಲೇಸರ್‌ನಿಂದ ತೆಳುವಾದ ಬಿಲ್ಲೆಯೊಂದನ್ನು ಕತ್ತರಿಸಿ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಅದನ್ನು ಹೊರಗೆ ಎಳೆಯುತ್ತಾರೆ.

ಮೂರರ ಹೆಸರೂ ಬೇರೆ, ಮಾಡುವ ಬಗೆಯೂ ಬೇರೆ. ಒಂದು ವಿಷಯದಲ್ಲಿ ಮಾತ್ರ ಮೂರೂ ಒಂದೇ: ಕಾರ್ನಿಯಾದಿಂದ ಒಂದಷ್ಟು ತೆಗೆಯಲೇಬೇಕು. ಎಷ್ಟು ತೆಗೆಯಬೇಕು ಅನ್ನುವುದು ಪವರ್ ಮೇಲೆ ನಿಂತಿದೆ. ಇಲ್ಲಿ ಲೆಕ್ಕ ಮಾಡಿಯೇ ನೋಡೋಣ, ಯಾಕೆಂದರೆ ಇಡೀ ವಿಷಯದ ತಿರುಳು ಇರುವುದೇ ಇಲ್ಲಿ.

ಕಾರ್ನಿಯಾದ ನಡುಭಾಗ ಸರಾಸರಿ 540 ಮೈಕ್ರಾನ್ ದಪ್ಪ. ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆರೂವರೆ ಮಿಲಿಮೀಟರ್ ಅಗಲದ ವೃತ್ತದಲ್ಲಿ ಕೆತ್ತಿದರೆ ಒಂದೊಂದು ಪವರ್‌ಗೂ ಸುಮಾರು 14 ಮೈಕ್ರಾನ್ ಹೋಗುತ್ತದೆ. ಫ್ಲಾಪ್‌ನ ದಪ್ಪ 110 ಮೈಕ್ರಾನ್ ಅಂತ ಇಟ್ಟುಕೊಳ್ಳಿ. ಈಗ ಮೈನಸ್ 3 ಪವರ್, 550 ಮೈಕ್ರಾನ್ ಕಾರ್ನಿಯಾ ಇರುವ ಒಬ್ಬರನ್ನು ತೆಗೆದುಕೊಳ್ಳಿ. ಕೆತ್ತುವುದು 42 ಮೈಕ್ರಾನ್. 550ರಲ್ಲಿ 110 ಮತ್ತು 42 ಕಳೆದರೆ ಫ್ಲಾಪ್ ಕೆಳಗೆ 398 ಮೈಕ್ರಾನ್ ಉಳಿಯುತ್ತದೆ. ಬೇಕಾದಷ್ಟಾಯಿತು.

ಇನ್ನೊಬ್ಬರ ಪವರ್ ಮೈನಸ್ 8, ಕಾರ್ನಿಯಾ 500. ಕೆತ್ತುವುದೇ 112. ಉಳಿಯುವುದು 278. ಫ್ಲಾಪ್ ಕೆಳಗೆ ಕನಿಷ್ಠ 250 ಮೈಕ್ರಾನ್ ಇರಬೇಕು ಅನ್ನುವುದು ಹಳೆಯ ನಿಯಮ. 300 ಇದ್ದರೇ ಒಳ್ಳೆಯದು ಅನ್ನುವ ಡಾಕ್ಟರುಗಳು ಬಹಳ ಮಂದಿ. ಫ್ಲಾಪ್ ಮತ್ತು ಕೆತ್ತಿದ್ದು ಎರಡೂ ಸೇರಿ ಒಟ್ಟು ದಪ್ಪದ ಶೇ. 40 ಮೀರಬಾರದು ಅನ್ನುವ ಇನ್ನೊಂದು ಅಳತೆಯೂ ಇದೆ. ಇವರದ್ದು ಶೇ. 44 ಆಗುತ್ತದೆ. ಇದೇ ಮೈನಸ್ 8 ಇದ್ದು ಕಾರ್ನಿಯಾ 560 ಇದ್ದಿದ್ದರೆ 338 ಉಳಿಯುತ್ತಿತ್ತು, ಶೇಕಡಾವಾರು 40ರ ಒಳಗೇ ಬರುತ್ತಿತ್ತು. ಪವರ್ ಒಂದೇ, ಉತ್ತರ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಕಾರ್ನಿಯಾದ ವಿಷಯದಲ್ಲಿ ಅಕ್ಷರಶಃ ನಿಜ.

ಹಾಸಿಗೆ ಮೀರಿ ಚಾಚಿದರೆ ಏನಾಗುತ್ತದೆ? ತೆಳುವಾದ ಕಾರ್ನಿಯಾ ಕಣ್ಣಿನೊಳಗಿನ ಒತ್ತಡ ತಡೆಯಲಾರದೆ ನಿಧಾನವಾಗಿ ಮುಂದಕ್ಕೆ ಉಬ್ಬತೊಡಗುತ್ತದೆ. ಇದಕ್ಕೆ ಎಕ್ಟೇಸಿಯಾ ಅಂತ ಹೆಸರು. ಲಾಸಿಕ್ ಆದ ಮೇಲೆ ಹೀಗಾಗಬಹುದು ಅಂತ ಥಿಯೊ ಸೈಲರ್ 1998ರಲ್ಲಿ ವರದಿ ಮಾಡಿದರು. ಇದು ಅಪರೂಪ. ಆದರೆ ಆದವರಿಗೆ ಮತ್ತೆ ಕನ್ನಡಕದಿಂದ ಪೂರ್ತಿ ಸರಿಹೋಗುವುದಿಲ್ಲ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ, ತೀರಾ ಮುಂದುವರಿದರೆ ಕಾರ್ನಿಯಾ ಕಸಿಯವರೆಗೂ ಹೋಗಬೇಕಾಗಬಹುದು. ಕೆಲವರ ಕಾರ್ನಿಯಾ ಹುಟ್ಟಿನಿಂದಲೇ ಸ್ವಲ್ಪ ದುರ್ಬಲ. ದಪ್ಪ ಸರಿಯಿದ್ದರೂ ಆಕಾರ ಓರೆ ಇರುತ್ತದೆ. ಇಂಥವರಲ್ಲಿ ಕೆರಟೋಕೋನಸ್, ಅಂದರೆ ಕಾರ್ನಿಯಾ ತಾನಾಗಿಯೇ ತೆಳುವಾಗಿ ಮುಂದಕ್ಕೆ ಚೂಪಾಗುವ ಕಾಯಿಲೆ, ಶುರುವಾಗುತ್ತಿರಬಹುದು. ಅದಕ್ಕೇ ಆಪರೇಷನ್‌ಗೆ ಮೊದಲು ಕಾರ್ನಿಯಾದ ಮುಂದು, ಹಿಂದು ಎರಡೂ ಮೇಲ್ಮೈಗಳ ಬಣ್ಣದ ನಕ್ಷೆ ತೆಗೆಯುವುದು. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ, ನಿಮಗೆ ಕಣ್ಣು ತಿಕ್ಕುವ ಅಭ್ಯಾಸ ಜೋರಾಗಿದ್ದರೆ, ಅದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಪರೀಕ್ಷೆಗೆ ಮೊದಲು ಅದನ್ನು ಬಿಡಬೇಕು. ಮೆತ್ತನೆಯದಾದರೆ ಒಂದೆರಡು ವಾರ, ಗಟ್ಟಿಯದಾದರೆ ಇನ್ನೂ ಜಾಸ್ತಿ. ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ, ಬದಲಾದ ಆಕಾರದ ಮೇಲೆ ಮಾಡಿದ ಲೆಕ್ಕ ತಪ್ಪುತ್ತದೆ.

ಲೇಸರ್‌ನ ದಿನನಿತ್ಯದ ತೊಂದರೆ ಎಕ್ಟೇಸಿಯಾ ಅಲ್ಲ, ಒಣಗಣ್ಣು. ಕಾರ್ನಿಯಾದಲ್ಲಿ ನರಗಳು ದಟ್ಟವಾಗಿವೆ. ಫ್ಲಾಪ್ ಮಾಡುವಾಗ ಅವು ತುಂಡಾಗುತ್ತವೆ. ಕಣ್ಣು ಒಣಗಿದೆ ಅನ್ನುವ ಸುದ್ದಿ ಮಿದುಳಿಗೆ ಸರಿಯಾಗಿ ತಲುಪದೆ ಕಣ್ಣೀರು ಕಡಿಮೆಯಾಗುತ್ತದೆ. ಹೆಚ್ಚಿನವರಿಗೆ ಆರು ತಿಂಗಳಿಂದ ವರ್ಷದೊಳಗೆ ಇದು ತಹಬಂದಿಗೆ ಬರುತ್ತದೆ. ಸ್ಮೈಲ್‌ನಲ್ಲಿ ಸೀಳು ಚಿಕ್ಕದಾದ್ದರಿಂದ ತೊಂದರೆ ಸ್ವಲ್ಪ ಕಡಿಮೆ. ಮೊದಲೇ ಕಣ್ಣು ಒಣಗುತ್ತಿದ್ದವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದಿನವಿಡೀ ಪರದೆ ನೋಡುವ ಕೆಲಸದವರೂ ಅಷ್ಟೇ.

ರಾತ್ರಿ ನೋಟದ ವಿಷಯದಲ್ಲಿ ಎಫ್‌ಡಿಎ ನಡೆಸಿದ ಪ್ರೌಲ್ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದನ್ನು ಲಾಸಿಕ್ ಪರ ಇರುವವರೂ ವಿರುದ್ಧ ಇರುವವರೂ ತಮಗೆ ಬೇಕಾದಂತೆ ಉದ್ಧರಿಸುತ್ತಾರೆ. ಆಪರೇಷನ್‌ಗೆ ಮೊದಲು ಬೆಳಕಿನ ಸುತ್ತ ಬಳೆ, ಚದುರುವ ಕಿರಣ, ಪ್ರಖರತೆ, ಎರಡೆರಡು ಬಿಂಬ ಇದ್ಯಾವುದೂ ಇಲ್ಲದವರಲ್ಲಿ ಶೇ. 46ರವರೆಗೆ ಮಂದಿ ಮೂರು ತಿಂಗಳ ಹೊತ್ತಿಗೆ ಕನಿಷ್ಠ ಒಂದು ಹೊಸ ಲಕ್ಷಣ ಕಾಣಿಸಿತು ಅಂದರು. ಅದೇ ಅಧ್ಯಯನದಲ್ಲಿ ಶೇ. 95ಕ್ಕಿಂತ ಜಾಸ್ತಿ ಜನ ತಮ್ಮ ನೋಟ ತೃಪ್ತಿ ತಂದಿದೆ ಅಂತಲೂ ಹೇಳಿದರು. ಆ ಲಕ್ಷಣಗಳಿಂದ ದಿನದ ಕೆಲಸಕ್ಕೆ ಬಹಳ ಕಷ್ಟವಾಯಿತು ಅಂದವರು ಶೇ. 1ಕ್ಕಿಂತ ಕಡಿಮೆ. ಎರಡೂ ಅಂಕಿ ನಿಜ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಕೇಳುವವರಿಗೆ ಮಾಡುವ ಅನ್ಯಾಯ.

ಒಳಗೆ ಇಡುವ ಲೆನ್ಸ್

ಕಣ್ಣೊಳಗೆ ಮೈನಸ್ ಲೆನ್ಸ್ ಇಡುವ ಆಲೋಚನೆ ಲೇಸರ್‌ಗಿಂತ ಹಳೆಯದು. 1950ರ ದಶಕದಲ್ಲೇ ಇಟಲಿಯ ಸ್ಟ್ರಾಂಪೆಲ್ಲಿ ಇದನ್ನು ಮಾಡಿ ನೋಡಿದ್ದರು. ಪಾಪೆಯ ಸುತ್ತಲಿನ ಬಣ್ಣದ ಪದರವಾದ ಐರಿಸ್‌ನ ಮುಂದೆ ಇಟ್ಟ ಆ ಲೆನ್ಸ್‌ಗಳು ಕಾರ್ನಿಯಾದ ಒಳಪದರವನ್ನು ಕೆಡಿಸಿದವು. ಬಹಳಷ್ಟನ್ನು ಹೊರಗೆ ತೆಗೆಯಬೇಕಾಯಿತು. 1986ರ ಸುಮಾರಿಗೆ ರಷ್ಯಾದ ಫ್ಯೊದೊರೊವ್ ಐರಿಸ್‌ನ ಹಿಂದಿನ ಜಾಗ ಹಿಡಿದರು. ಈಗಿನ ಐಸಿಎಲ್ ಕೂರುವುದೂ ಅಲ್ಲೇ, ಐರಿಸ್ ಮತ್ತು ನಮ್ಮ ಸ್ವಂತ ಲೆನ್ಸ್‌ನ ನಡುವಿನ ಸಂದಿಯಲ್ಲಿ. ಇದನ್ನು ಮಾಡುವುದು ಕಾಲಮರ್ ಎಂಬ ಮೆತ್ತನೆಯ ವಸ್ತುವಿನಿಂದ, ಅದರಲ್ಲಿ ಸ್ವಲ್ಪ ಕಾಲಜನ್ ಇರುತ್ತದೆ. ಮೊದಲು ಅಳವಡಿಸಿದ್ದು 1993ರಲ್ಲಿ. ಎಫ್‌ಡಿಎ ಒಪ್ಪಿದ್ದು 2005ರ ಕೊನೆಯಲ್ಲಿ.

ಆ ಹಳೆಯ ಮಾದರಿಗೆ ಒಂದು ದೊಡ್ಡ ತೊಡಕಿತ್ತು. ಕಣ್ಣಿನೊಳಗೆ ಐರಿಸ್‌ನ ಹಿಂದೆ ಸದಾ ಒಂದು ನೀರು ಜಿನುಗುತ್ತಿರುತ್ತದೆ. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು ಅಂಚಿನಲ್ಲಿ ಇಂಗಿ ಹೋಗುತ್ತದೆ. ದಾರಿಗೆ ಅಡ್ಡವಾಗಿ ಲೆನ್ಸ್ ಕೂತರೆ ನೀರು ಹಿಂದೆಯೇ ನಿಂತು ಪ್ರೆಶರ್ ಏರುತ್ತದೆ. ಅದಕ್ಕೇ ಮೊದಲೇ ಐರಿಸ್‌ನಲ್ಲಿ ಸಣ್ಣ ತೂತು ಮಾಡಬೇಕಾಗುತ್ತಿತ್ತು. ಆಮೇಲೂ ನಮ್ಮ ಲೆನ್ಸ್‌ನ ಮೇಲ್ಮೈಗೆ ನೀರು ಸರಿಯಾಗಿ ಹರಿಯದೆ ಕೆಲವರಲ್ಲಿ ಬೇಗ ಪೊರೆ ಬರುತ್ತಿತ್ತು. ಜಪಾನಿನ ಕಿಮಿಯಾ ಶಿಮಿಜು ಇದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಲೆನ್ಸ್‌ನ ನಟ್ಟನಡುವೆ 0.36 ಮಿಲಿಮೀಟರ್‌ನ ಒಂದು ತೂತು! ನೀರು ಅದರ ಮೂಲಕವೇ ಹರಿಯುತ್ತದೆ. ನೋಟಕ್ಕೆ ಆ ತೂತು ಅಡ್ಡ ಬರುವುದಿಲ್ಲ. ಶುರುವಿನ ಕೆಲವು ತಿಂಗಳು ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು, ಹೆಚ್ಚಿನವರಿಗೆ ಕ್ರಮೇಣ ಅದರ ಕಡೆ ಗಮನ ಹೋಗುವುದೇ ನಿಲ್ಲುತ್ತದೆ. ಈ ತೂತಿನ ಲೆನ್ಸ್ ಯುರೋಪಿಗೆ 2011ರಲ್ಲಿ ಬಂತು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ. ಐಸಿಎಲ್ ಇಷ್ಟು ಚಾಲ್ತಿಗೆ ಬರಲು ದೊಡ್ಡ ಕಾರಣ ಈ ಪುಟ್ಟ ತೂತು ಅಂತಲೇ ನನ್ನ ಭಾವನೆ.

ಆಪರೇಷನ್ ಹೇಗಿರುತ್ತದೆ? ಹನಿ ಹಾಕಿ ಪಾಪೆಯನ್ನು ಅಗಲ ಮಾಡುತ್ತಾರೆ, ಮರಗಟ್ಟಿಸುವ ಹನಿ ಹಾಕುತ್ತಾರೆ. ಕಾರ್ನಿಯಾದ ಅಂಚಿನಲ್ಲಿ ಮೂರು ಮಿಲಿಮೀಟರ್‌ನಷ್ಟು ಸೀಳು. ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿರುವ ಲೆನ್ಸ್ ಸಣ್ಣ ಕೊಳವೆಯಿಂದ ಒಳಗೆ ಇಳಿಯುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಳ್ಳುವುದಿಲ್ಲ. ನಿಧಾನವಾಗಿ, ಒಂದೊಂದೇ ಅಂಚು ಅರಳುತ್ತದೆ. ಮಗುಚಿ ಬಿದ್ದಿಲ್ಲ ಅಂತ ತಿಳಿಯಲು ಮೂಲೆಗಳಲ್ಲಿ ಸಣ್ಣ ಗುರುತುಗಳಿವೆ. ಡಾಕ್ಟರ್ ಮೊದಲು ಅದನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಮೊಂಡು ತುದಿಯ ಸಲಕರಣೆಯಿಂದ ನಾಲ್ಕೂ ಮೂಲೆಗಳನ್ನು, ಹಾಸಿಗೆಯ ಕೆಳಗೆ ಹೊದಿಕೆಯ ಅಂಚು ಸೇರಿಸಿದ ಹಾಗೆ, ಐರಿಸ್‌ನ ಕೆಳಗೆ ಮೆತ್ತಗೆ ಸೇರಿಸುತ್ತಾರೆ. ಜಾಗ ಬಿಡಿಸಲು ಹಾಕಿದ್ದ ಜೆಲ್ ತೊಳೆದು ತೆಗೆಯುತ್ತಾರೆ. ಒಂದು ಕಣ್ಣಿಗೆ ಕಾಲು ಗಂಟೆ ಹಿಡಿಯಬಹುದು. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಜೆಲ್ ಸ್ವಲ್ಪ ಉಳಿದರೂ ಕೆಲವೇ ಗಂಟೆಗಳಲ್ಲಿ ಪ್ರೆಶರ್ ಏರಬಹುದು. ಆದ್ದರಿಂದ ಅದೇ ದಿನ ಮತ್ತೆ ಪ್ರೆಶರ್ ನೋಡಿಸಿಕೊಂಡೇ ಮನೆಗೆ ಹೋಗಬೇಕು.

ಲೇಸರ್‌ನಲ್ಲಿ ಕಾರ್ನಿಯಾದ ದಪ್ಪ ಹೇಗೋ ಹಾಗೆ ಇಲ್ಲಿ ಒಳಗಿನ ಜಾಗ ಮುಖ್ಯ. ಕಾರ್ನಿಯಾದ ಒಳಪದರದಿಂದ ನಮ್ಮ ಲೆನ್ಸ್‌ನವರೆಗಿನ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು ಅನ್ನುವುದು ಎಫ್‌ಡಿಎ ನಿಯಮ. ಆಳ ಸಾಲದಿದ್ದರೆ ಪವರ್ ಎಷ್ಟೇ ಇರಲಿ, ಈ ದಾರಿ ಮುಚ್ಚಿದಂತೆ. ಆಮೇಲಿನ ಪ್ರಶ್ನೆ ಸೈಜಿನದು. ಲೆನ್ಸ್ ಬರುವುದು ನಾಲ್ಕು ಸೈಜುಗಳಲ್ಲಿ: 12.1, 12.6, 13.2, 13.7 ಮಿಲಿಮೀಟರ್. ಕಣ್ಣುಗಳಿರುವುದು ಲೆಕ್ಕವಿಲ್ಲದಷ್ಟು ಅಳತೆಗಳಲ್ಲಿ. ಲೆನ್ಸ್ ಚಿಕ್ಕದಾದರೆ ಕೆಳಗೆ ಕುಸಿದು ನಮ್ಮ ಲೆನ್ಸ್‌ಗೆ ತಾಗಬಹುದು, ಆಗ ಪೊರೆ ಬರುತ್ತದೆ. ದೊಡ್ಡದಾದರೆ ಬಿಲ್ಲಿನಂತೆ ಬಾಗಿ ಐರಿಸ್ಸನ್ನು ಮುಂದಕ್ಕೆ ತಳ್ಳುತ್ತದೆ, ಆಗ ನೀರು ಇಂಗುವ ಜಾಗ ಕಿರಿದಾಗಿ ಪ್ರೆಶರ್ ಏರುತ್ತದೆ. ಎರಡು ಲೆನ್ಸ್‌ಗಳ ನಡುವಿನ ಈ ಸಂದಿಗೆ ವಾಲ್ಟ್ ಅನ್ನುತ್ತಾರೆ. 250ರಿಂದ 750 ಮೈಕ್ರಾನ್ ಇದ್ದರೆ ಒಳ್ಳೆಯದು. ಅಳತೆ ತಪ್ಪಿದರೆ ಲೆನ್ಸ್ ತೆಗೆದು ಬೇರೆ ಸೈಜಿನದು ಹಾಕಬೇಕಾಗುತ್ತದೆ. ಡಾಕ್ಟರನ್ನು ಕೇಳುವುದಿದ್ದರೆ ಮೊದಲು ಇದನ್ನೇ ಕೇಳಿ: ನನ್ನ ಕಣ್ಣಿನ ಒಳಗಿನ ಅಳತೆಯನ್ನು ಯಾವ ಯಂತ್ರದಲ್ಲಿ ತೆಗೆಯುತ್ತೀರಿ, ಆಪರೇಷನ್ ಆದ ಮೇಲೆ ನನ್ನ ವಾಲ್ಟ್ ಎಷ್ಟಿದೆ ಅಂತ ಬರೆದು ಕೊಡುತ್ತೀರಾ?

ಇನ್ನೊಂದು ಅಳತೆ ಕಾರ್ನಿಯಾದ ಒಳಪದರದ ಜೀವಕೋಶಗಳದ್ದು. ಒಳಗೆ ಸೇರುವ ನೀರನ್ನು ಹೊರಗೆ ಎಳೆದು ಹಾಕಿ ಕಾರ್ನಿಯಾವನ್ನು ತಿಳಿಯಾಗಿ ಇಡುವುದು ಈ ಕೋಶಗಳೇ. ದೊಡ್ಡವರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ. ವಯಸ್ಸಾದಂತೆ ತಾವಾಗಿಯೇ ಸ್ವಲ್ಪಸ್ವಲ್ಪ ಕಡಿಮೆಯಾಗುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಆಪರೇಷನ್‌ನಲ್ಲಿ ಒಂದಷ್ಟು ಹೋಗುತ್ತವೆ. ಆಮೇಲೂ ವೇಗವಾಗಿ ಇಳಿಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಲು ವರ್ಷಕ್ಕೊಮ್ಮೆ ಎಣಿಸಬೇಕು. ನೋವಿಲ್ಲದ, ಕ್ಷಣದಲ್ಲಿ ಮುಗಿಯುವ ಪರೀಕ್ಷೆ ಇದು. ಆದರೂ ಚೆನ್ನಾಗಿ ಕಾಣುತ್ತಿದೆಯಲ್ಲ, ಸುಮ್ನೆ ಯಾಕೆ ಹೋಗಬೇಕು ಅಂತ ಬಿಡುವವರು ಇದ್ದಾರೆ. ಐಸಿಎಲ್ ಹಾಕಿಸಿಕೊಂಡವರು ಈ ತಪ್ಪನ್ನು ಮಾತ್ರ ಮಾಡಬಾರದು. ಕೋಶಗಳು ಕಡಿಮೆಯಾಗುವುದು ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾರ್ನಿಯಾ ಮಸುಕಾಗಿರುತ್ತದೆ.

ಕಣ್ಣಿನ ಒಳಗೆ ಹೋಗುವ ಆಪರೇಷನ್ ಆದ್ದರಿಂದ ಸೋಂಕಿನ ಭಯವೂ ಇದೆ. ಬಹಳ ಅಪರೂಪ. ಬಂದರೆ ಮಾತ್ರ ಅದು ಇಡೀ ಕಣ್ಣಿಗೆ ಸಂಚಕಾರ. ಲೇಸರ್‌ನಲ್ಲೂ ಸೋಂಕು ತಗಲಬಹುದು, ಆದರೆ ಅದು ಕಾರ್ನಿಯಾದಲ್ಲಿ, ಕಣ್ಣಿನ ಒಳಗಲ್ಲ. ಈ ವ್ಯತ್ಯಾಸ ಸಣ್ಣದೇನಲ್ಲ.

"ಬೇಡವಾದರೆ ತೆಗೆದುಬಿಡಬಹುದು" ಅನ್ನುವುದು ಐಸಿಎಲ್ ಬಗ್ಗೆ ಎಲ್ಲರೂ ಹೇಳುವ ಮಾತು. ಅದು ನಿಜ, ಮತ್ತು ದೊಡ್ಡ ಅನುಕೂಲ. ಲೇಸರ್ ತೆಗೆದ 112 ಮೈಕ್ರಾನ್ ಮತ್ತೆ ಅಂಟಿಸಲು ಆಗುವುದಿಲ್ಲ. ಆದರೆ ಲೆನ್ಸ್ ತೆಗೆಯುವುದೂ ಕಣ್ಣೊಳಗಿನ ಇನ್ನೊಂದು ಆಪರೇಷನ್. ಹೋದ ಕೋಶಗಳು ವಾಪಸ್ ಬರುವುದಿಲ್ಲ, ಬಂದ ಪೊರೆ ಕರಗುವುದಿಲ್ಲ. ಅಂಗಿಯ ಗುಂಡಿ ಬಿಚ್ಚಿದಷ್ಟು ಸಲೀಸು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಯಾರಿಗೆ ಯಾವುದು?

ಮೈನಸ್ 1ರಿಂದ 5ರವರೆಗೆ ಪವರ್, ಒಳ್ಳೆಯ ದಪ್ಪದ, ಸರಿಯಾದ ಆಕಾರದ ಕಾರ್ನಿಯಾ, ಒಣಗದ ಕಣ್ಣು ಇದ್ದರೆ ಲೇಸರ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಫ್‌ಡಿಎ ಐಸಿಎಲ್‌ಗೆ ಮೈನಸ್ 3ರಿಂದಲೇ ಒಪ್ಪಿಗೆ ಕೊಟ್ಟಿದೆ ನಿಜ. ಆದರೆ ನಲವತ್ತು ಮೈಕ್ರಾನ್ ಕೆತ್ತಿದರೆ ಮುಗಿಯುವ ಕೆಲಸಕ್ಕೆ ಕಣ್ಣಿನ ಒಳಗೆ ವಸ್ತು ಇಟ್ಟು, ಜೀವನಪೂರ್ತಿ ತಪಾಸಣೆ ಕಟ್ಟಿಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಆದಂತೆ. ಕಾರ್ನಿಯಾ ತೆಳು, ಆಕಾರ ಅನುಮಾನ, ಕಣ್ಣು ಒಣಗಿದೆ ಅಂತಾದರೆ ಮಾತು ಬೇರೆ. ಆಗ ಮೈನಸ್ 4ಕ್ಕೂ ಐಸಿಎಲ್ ಸರಿಯಾದ ಉತ್ತರ ಆಗಬಹುದು.

ಪವರ್ ಮೈನಸ್ 8, 10, 12 ಅಂತ ಏರಿದ ಹಾಗೆ ತಕ್ಕಡಿ ಲೆನ್ಸ್ ಕಡೆಗೆ ವಾಲುತ್ತದೆ. ದಪ್ಪದ ಲೆಕ್ಕ ಒಂದೇ ಇದಕ್ಕೆ ಕಾರಣ ಅಲ್ಲ. ಕಾರ್ನಿಯಾವನ್ನು ಅಷ್ಟು ಚಪ್ಪಟೆ ಮಾಡಿದರೆ ಅದರ ಸಹಜ ಬಾಗು ಕೆಡುತ್ತದೆ. ಮಬ್ಬು ಬೆಳಕಿನಲ್ಲಿ ಪಾಪೆ ಅಗಲವಾದಾಗ ಕೆತ್ತಿದ ಮತ್ತು ಕೆತ್ತದ ಭಾಗದ ಅಂಚಿನಿಂದಲೂ ಬೆಳಕು ನುಗ್ಗುತ್ತದೆ, ಬಿಂಬ ಮಸುಕಾಗುತ್ತದೆ. ಮೈನಸ್ 6ರಿಂದ 20ರವರೆಗಿನ ಪವರ್ ಇರುವವರ ಮೇಲೆ ನಡೆದ ಮೂರು ಪ್ರಯೋಗಗಳನ್ನು, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಒಟ್ಟಿಗೆ ಇಟ್ಟು ನೋಡಿತು. 2014ರ ಆ ವಿಮರ್ಶೆಯ ಪ್ರಕಾರ, ವರ್ಷದ ನಂತರ ಕನ್ನಡಕವಿಲ್ಲದೆ ಪೂರ್ತಿ ಕಾಣುವವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಮೊದಲು ಕನ್ನಡಕದಿಂದ ಸಿಗುತ್ತಿದ್ದ ಅತ್ಯುತ್ತಮ ನೋಟವನ್ನು ಕಳೆದುಕೊಳ್ಳುವ ಅಪಾಯ ಒಳಲೆನ್ಸ್‌ನಲ್ಲಿ ಕಡಿಮೆ. ಮಬ್ಬಿನಲ್ಲಿ ಗುರುತಿಸುವ ಶಕ್ತಿಯೂ ಹಾಕಿಸಿಕೊಂಡವರ ತೃಪ್ತಿಯೂ ಮೇಲಿದ್ದವು. ನೋಡಿದ ಕಣ್ಣುಗಳ ಒಟ್ಟು ಸಂಖ್ಯೆ 228 ಮಾತ್ರ, ಗಮನಿಸಿದ ಕಾಲವೂ ಒಂದು ವರ್ಷ. ಇಪ್ಪತ್ತು ಮೂವತ್ತು ವರ್ಷದ ಮೇಲಿನ ಕಥೆಯನ್ನು ಅದರಿಂದ ಹೇಳಲಾಗದು.

ದೊಡ್ಡ ಪವರ್ ಇದ್ದವರಿಗೆ ಐಸಿಎಲ್‌ನಿಂದ ಇನ್ನೊಂದು ಖುಷಿ ಸಿಗುತ್ತದೆ. ಕಣ್ಣಿನಿಂದ ಹನ್ನೆರಡು ಮಿಲಿಮೀಟರ್ ಮುಂದೆ ಕೂತ ಮೈನಸ್ 10 ಕನ್ನಡಕ ಎಲ್ಲವನ್ನೂ ಶೇ. 11ರಷ್ಟು ಚಿಕ್ಕದಾಗಿ ತೋರಿಸುತ್ತದೆ. ಹಾಕಿದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ಎಷ್ಟೋ ವರ್ಷದಿಂದ ಜಗತ್ತು ಅವರಿಗೆ ಅಷ್ಟೇ ಇದ್ದದ್ದು. ಲೆನ್ಸ್ ಕಣ್ಣಿನ ಒಳಗೆ ಹೋದಾಗ ಈ ಕುಗ್ಗುವಿಕೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ. ಮೊದಲು ಕನ್ನಡಕ ಹಾಕಿಯೂ ಓದಲಾಗದಿದ್ದ ಸಾಲನ್ನು ಕೆಲವರು ಈಗ ಓದುತ್ತಾರೆ.

ಮೈನಸ್ 6ರಿಂದ 8ರ ನಡುವೆ ಇರುವವರಿಗೇ ನಿಜವಾದ ಪೇಚಾಟ. ಅಲ್ಲಿ ಕಾರ್ನಿಯಾ ದಪ್ಪ, ಒಳಗಿನ ಆಳ, ಕತ್ತಲೆಯಲ್ಲಿ ಪಾಪೆಯ ಅಗಲ, ಮಾಡುವ ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಖಕ್ಕೆ ಪೆಟ್ಟು ಬೀಳುವ ಆಟ ಆಡುವವರಿಗೆ ಲಾಸಿಕ್‌ನ ಫ್ಲಾಪ್ ಸರಿಯುವ ಭಯ ಇರುತ್ತದೆ. ಅವರಿಗೆ ಪಿಆರ್‌ಕೆ ಅಥವಾ ಸ್ಮೈಲ್ ವಾಸಿ. ವರ್ಷಕ್ಕೊಮ್ಮೆ ಡಾಕ್ಟರ್ ಬಳಿ ಹೋಗಲು ನಿಜಕ್ಕೂ ಆಗದವರು ಐಸಿಎಲ್ ಹಾಕಿಸಿಕೊಳ್ಳದಿರುವುದೇ ಮೇಲು.

ವಯಸ್ಸನ್ನು ಮರೆಯುವ ಹಾಗಿಲ್ಲ. ಪವರ್ ಒಂದು ವರ್ಷವಾದರೂ ಅಲುಗಾಡದೆ ನಿಂತಿರಬೇಕು. ಬಸುರಿಯರು, ಹಾಲೂಡಿಸುವವರು ಕಾಯಬೇಕು. ಐಸಿಎಲ್‌ಗೆ 2022ರ ಒಪ್ಪಿಗೆಯಲ್ಲಿ ಎಫ್‌ಡಿಎ ಹೇಳಿದ್ದ ವಯಸ್ಸು 21ರಿಂದ 45. ನಲವತ್ತು ದಾಟಿದವರು ಚಾಳೀಸಿನ ಲೆಕ್ಕವನ್ನೂ ಹಾಕಬೇಕು. ಮೊದಲು ಹೇಳಿದ ಭಾಗಾಕಾರ ನೆನಪಿದೆ ಅಲ್ವಾ? ಮೈನಸ್ 2.5 ಇದ್ದವರಿಗೆ 40 ಸೆಂಟಿಮೀಟರ್ ಬರುತ್ತದೆ, ಪುಸ್ತಕ ಹಿಡಿಯುವ ದೂರ. ಚಾಳೀಸು ಬಂದ ಮೇಲೆ ಇಂಥವರು ಕನ್ನಡಕ ತೆಗೆದು ಆರಾಮವಾಗಿ ಓದಬಹುದು. 44ನೇ ವಯಸ್ಸಿನಲ್ಲಿ ಆ ಮೈನಸ್ 2.5 ಪೂರ್ತಿ ತೆಗೆಸಿದರೆ ದೂರದ ಕನ್ನಡಕ ಹೋಗುತ್ತದೆ, ಓದುವ ಕನ್ನಡಕ ಬರುತ್ತದೆ. ಇದನ್ನು ಮೊದಲೇ ಹೇಳದೆ ಆಪರೇಷನ್ ಮಾಡಿದರೆ ಆಮೇಲೆ ಬೇಸರ ಆಗದೆ ಇರುವುದಿಲ್ಲ.

ಮುಂದೆ ಪೊರೆಯ ಆಪರೇಷನ್ ಬಂದಾಗಲೂ ವ್ಯತ್ಯಾಸವಿದೆ. ಐಸಿಎಲ್ ಇದ್ದವರಿಗೆ ಅದನ್ನು ತೆಗೆದು ಎಂದಿನಂತೆ ಪೊರೆ ಆಪರೇಷನ್ ಮಾಡಬಹುದು. ಲೇಸರ್ ಆದವರ ಕಾರ್ನಿಯಾದ ಬಾಗು ಬದಲಾಗಿರುವುದರಿಂದ ಯಾವ ಪವರ್‌ನ ಲೆನ್ಸ್ ಇಡಬೇಕು ಅನ್ನುವ ಲೆಕ್ಕ ಜಟಿಲವಾಗುತ್ತದೆ. ಆದ್ದರಿಂದ ಲೇಸರ್‌ಗೆ ಮೊದಲಿನ ಅಳತೆಗಳ ಪ್ರತಿಯನ್ನು ಮನೆಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಎರಡೂ ಮುಟ್ಟದ ಜಾಗ

ಈಗ ಆ ಮೂರು ಮಿಲಿಮೀಟರ್ ವಿಷಯಕ್ಕೆ ಬರೋಣ. 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನಕ್ಕೆ, ಅಂದರೆ ಸುಮಾರು 476 ಕೋಟಿ ಮಂದಿಗೆ ಮೈನಸ್ ಪವರ್ ಇರಬಹುದು ಅಂತ 2016ರ ಒಂದು ದೊಡ್ಡ ಅಂದಾಜು ಹೇಳಿತು. ಅವರಲ್ಲಿ ಸುಮಾರು 94 ಕೋಟಿ ಜನರದ್ದು ದೊಡ್ಡ ಪವರ್. ದೊಡ್ಡ ಪವರ್‌ನ ಅಪಾಯ ಕನ್ನಡಕದ ದಪ್ಪದಲ್ಲಿಲ್ಲ. ಉದ್ದ ಬೆಳೆದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತದೆ. ಅದು ಹರಿಯಬಹುದು, ಕಳಚಿಕೊಳ್ಳಬಹುದು. ಕಣ್ಣಿನ ನರ ಕೆಡುವ ಗ್ಲಾಕೋಮಾ ಬರುವ ಸಂಭವವೂ ಹೆಚ್ಚು. ಲೇಸರ್ ಮಾಡಿಸಿದರೂ ಲೆನ್ಸ್ ಇಡಿಸಿದರೂ ಇದು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆಪರೇಷನ್‌ಗೆ ಮೊದಲು ಪಾಪೆ ಅಗಲ ಮಾಡಿ ರೆಟಿನಾ ನೋಡುವಂತೆಯೇ ಆಮೇಲೂ ಪ್ರತಿ ವರ್ಷ ನೋಡಿಸಬೇಕು.

ಕನ್ನಡಕ ಹೋದ ಮೇಲೆ ಈ ವಿಷಯ ಮರೆತುಹೋಗುವುದು ಬಹಳ ಸುಲಭ. ನೋಡುವವರಿಗೂ ಗೊತ್ತಾಗುವುದಿಲ್ಲ. ಹೊಸ ಡಾಕ್ಟರ್ ಯಂತ್ರದಲ್ಲಿ ಪವರ್ ತೆಗೆದರೆ ಸೊನ್ನೆ ತೋರಿಸುತ್ತದೆ. ಹಾಗಾಗಿ ಎಂದಾದರೂ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಮಳೆಯಂತೆ ಸುರಿದರೆ, ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ, ಆ ದಿನವೇ ಕಣ್ಣಿನ ಡಾಕ್ಟರ್ ಬಳಿ ಹೋಗಿ. ಕೂತ ತಕ್ಷಣ ಹೇಳಬೇಕಾದ ಮೊದಲ ಮಾತು ಇದು: "ನನ್ನದು ಮೊದಲು ಮೈನಸ್ 8 ಇತ್ತು."